ಮರಳಿ ಕ್ಲಾರಿಯೊನೆಟ್ ಹಿಡಿದವರಿಗೆ

ತುಮಕೂರಿನಲ್ಲಿರುವ ನನ್ನ ಮಿತ್ರರೊಬ್ಬರು ಕಾಲೇಜಿನ ದಿನಗಳಲ್ಲಿ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದವರು. ಆಮೇಲೆ ಮೇಷ್ಟರ ಕೆಲಸ, ಊರಿಂದೂರಿಗೆ ವರ್ಗ, ಮಕ್ಕಳ ಓದು, ಮದುವೆ. ವಾದ್ಯದ ಪೆಟ್ಟಿಗೆ ಅಟ್ಟ ಸೇರಿತು. ನಿವೃತ್ತರಾದ ಮೇಲೆ ಒಂದು ದಿನ ಅದನ್ನು ಕೆಳಗಿಳಿಸಿ, ಧೂಳು ಒರಸಿ, ತುಂಡುಗಳನ್ನು ಜೋಡಿಸಿ ಊದಿದರು. ಬಂದದ್ದು ಕೀರಲು ದನಿ. ಹಳೆಯ ಮೌತ್‌ಪೀಸಿನದೇ ದೋಷವೆಂದು ತೀರ್ಮಾನಿಸಿ, ತಾವು ಬಹುವಾಗಿ ಮೆಚ್ಚುವ ಕಲಾವಿದರೊಬ್ಬರು ಬಳಸುತ್ತಾರೆಂದು ಕೇಳಿದ್ದ ಮಾದರಿಯನ್ನೇ ದುಬಾರಿ ಬೆಲೆ ತೆತ್ತು ತರಿಸಿದರು. ಅದು ಬಂದ ಮೇಲೆ ಸ್ಥಿತಿ ಇನ್ನೂ ಕೆಟ್ಟಿತು. ಹತ್ತು ನಿಮಿಷ ಊದುವಷ್ಟರಲ್ಲಿ ಕೆಳತುಟಿ ಹಲ್ಲಿಗೆ ಒತ್ತಿ ಗಾಯವಾಯಿತು, ಉಸಿರು ಸಾಲದಾಯಿತು. “ಇನ್ನು ಇದು ನನ್ನಿಂದಾಗದು, ವಯಸ್ಸಾಯಿತು” ಎಂದು ಪೆಟ್ಟಿಗೆಯನ್ನು ಮತ್ತೆ ಮುಚ್ಚಿಟ್ಟರು.

ಹೀಗೆ ಪೆಟ್ಟಿಗೆ ಮುಚ್ಚಿಟ್ಟವರು ಅವರೊಬ್ಬರೇ ಅಲ್ಲ. ಎಳೆಯ ವಯಸ್ಸಿನಲ್ಲಿ ಶಾಲೆಯ ಬ್ಯಾಂಡಿನಲ್ಲೋ ಪೊಲೀಸ್ ಬ್ಯಾಂಡಿನಲ್ಲೋ ಮದುವೆಯ ಮೇಳದಲ್ಲೋ ಊದಿ, ಸಂಸಾರದ ಗಲಾಟೆಯಲ್ಲಿ ಬಿಟ್ಟು, ಬಿಡುವು ದೊರೆತಾಗ ಮತ್ತೆ ಹಿಡಿಯಲು ಬಯಸುವವರು ಅನೇಕರುಂಟು. ಅವರಲ್ಲಿ ಹಲವರು ಸೋಲುವುದು ಸಂಗೀತದಲ್ಲಲ್ಲ. ಬೆರಳುದ್ದದ ಆ ಮೌತ್‌ಪೀಸಿನ ಆಯ್ಕೆಯಲ್ಲಿ. ಆದ್ದರಿಂದ ಅದನ್ನು ಹೇಗೆ ಆರಿಸಬೇಕೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಮೊದಲೇ ಒಂದು ಮಾತು: ಮೌತ್‌ಪೀಸನ್ನು ಆರಿಸಬೇಕಾದ್ದು ಇಂದು ನಮಗಿರುವ ತುಟಿಗೆ, ಇಂದು ನಮಗಿರುವ ಉಸಿರಿಗೆ. ಇಪ್ಪತ್ತರ ಹರೆಯದಲ್ಲಿದ್ದ ತುಟಿಗಲ್ಲ. ಬಾನುಲಿಯಲ್ಲಿ ಕೇಳಿ ತಲೆದೂಗಿದ ವಿದ್ವಾಂಸರ ತುಟಿಗಂತೂ ಅಲ್ಲವೇ ಅಲ್ಲ.

ಕ್ಲಾರಿಯೊನೆಟ್ ಪಶ್ಚಿಮದ ವಾದ್ಯ. ಜರ್ಮನಿಯ ನ್ಯೂರೆಂಬರ್ಗ್ ನಗರದ ಯೋಹಾನ್ ಕ್ರಿಸ್ಟಾಫ್ ಡೆನ್ನರ್ ಎಂಬ ವಾದ್ಯಶಿಲ್ಪಿ ಇದಕ್ಕೆ ರೂಪ ಕೊಟ್ಟದ್ದು ಸುಮಾರು 1700ರ ವೇಳೆಗೆ. ಬ್ರಿಟಿಷರ ಸೇನಾ ಬ್ಯಾಂಡುಗಳೊಡನೆ ಅದು ನಮ್ಮ ದೇಶಕ್ಕೂ ಬಂದಿತು. ಮೈಸೂರು ಅರಮನೆಯ ವಾದ್ಯವೃಂದದಂತಹ ಸಂಸ್ಥಾನದ ಬ್ಯಾಂಡುಗಳಿಂದ ಮದುವೆ ಮೆರವಣಿಗೆಯ ಬ್ಯಾಂಡಿನವರೆಗೆ ಎಲ್ಲ ಕಡೆಯೂ ಹರಡಿತು. ನಮ್ಮ ರಾಗಗಳಿಗೂ ಅದು ಒಗ್ಗುತ್ತದೆಂಬುದನ್ನು ಕರ್ನಾಟಕ ಸಂಗೀತದಲ್ಲಿ ತಿರುಚಿರಾಪಳ್ಳಿಯ ಎ. ಕೆ. ಸಿ. ನಟರಾಜನ್ ಅವರೂ, ಹಿಂದೂಸ್ತಾನಿ ಸಂಗೀತದಲ್ಲಿ ನಮ್ಮ ರಾಯಚೂರಿನ ನರಸಿಂಹಲು ವಡವಾಟಿ ಅವರೂ ತೋರಿಸಿಕೊಟ್ಟಿದ್ದಾರೆ. ಇಂಥವರ ವಾದನವನ್ನು ಕೇಳಿಯೇ ಎಷ್ಟೋ ಮಂದಿಗೆ ಅಟ್ಟದ ಮೇಲಿನ ಪೆಟ್ಟಿಗೆಯ ನೆನಪಾಗುವುದು.

ಈಗ ವಾದ್ಯದ ಬಾಯಿಗೆ ಬರೋಣ. ನಾಗಸ್ವರದ ಸೀವಾಳಿಯಲ್ಲಿ ಎರಡು ಎಲೆಗಳು ಒಂದಕ್ಕೊಂದು ತಾಗಿ ಕಂಪಿಸುತ್ತವೆ. ಕ್ಲಾರಿಯೊನೆಟ್ಟಿಗೆ ಎಲೆ ಒಂದೇ. ಅದನ್ನು ರೀಡು ಎನ್ನುತ್ತಾರೆ. ಎರಡನೆಯ ಎಲೆಯ ಸ್ಥಾನದಲ್ಲಿ ಮೌತ್‌ಪೀಸಿನ ಅಂಚೇ ಇರುತ್ತದೆ. ಮೌತ್‌ಪೀಸಿನ ಒಂದು ಮೈ ಚಪ್ಪಟೆ; ರೀಡು ಕೂರುವ ಮಣೆ ಅದು. ಮಣೆಯ ಮೇಲ್ಭಾಗದಲ್ಲಿ ಕಿಟಕಿಯಂತಹ ಒಂದು ತೆರಪು, ತೆರಪಿನ ಎರಡು ಪಕ್ಕಗಳಲ್ಲಿ ಸಣ್ಣ ಅಂಚುಗಳು, ತುದಿಯಲ್ಲಿ ಇನ್ನೂ ತೆಳುವಾದ ಅಂಚು. ರೀಡನ್ನು ಮಣೆಯ ಮೇಲಿಟ್ಟು ಲಿಗೇಚರ್ ಎಂಬ ಪಟ್ಟಿಯಿಂದ ಬಿಗಿಯುತ್ತಾರೆ. ಹೀಗೆ ಕೂರಿಸಿದ ರೀಡು ಕೆಳಗೆ ಮಣೆಗೆ ಅಂಟಿಕೊಂಡಿದ್ದು, ಮೇಲಕ್ಕೆ ಹೋದಂತೆ ಮೆಲ್ಲಮೆಲ್ಲನೆ ಅಂಚಿನಿಂದ ದೂರ ಸರಿಯುತ್ತದೆ. ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿದರೆ ತುದಿಯಲ್ಲಿ ಒಂದು ಸಣ್ಣ ಸೀಳು ಕಾಣುತ್ತದೆ. ವಾದ್ಯದ ನುಡಿಯೆಲ್ಲ ಹುಟ್ಟುವುದು ಆ ಸೀಳಿನಲ್ಲಿ. ನಾವು ಊದಿದಾಗ ರೀಡು ಆ ಸೀಳನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ಗಾಳಿಯನ್ನು ತುಂಡು ತುಂಡಾಗಿ ಒಳಗೆ ಬಿಡುತ್ತದೆ. ಸೆಕೆಂಡಿಗೆ 440 ಕಂಪನಗಳ ಸ್ವರ ಬೇಕಾದರೆ ಸೆಕೆಂಡಿಗೆ 440 ಸಲ ಈ ಕದ ತೆರೆದು ಮುಚ್ಚಬೇಕು!

ಆ ಸೀಳಿನ ಅಗಲವೇ ಮೊದಲು ಗಮನಿಸಬೇಕಾದ ಅಳತೆ. ಸಾಮಾನ್ಯವಾದ ಮೌತ್‌ಪೀಸುಗಳಲ್ಲಿ ಅದು ಸುಮಾರು 1 ಮಿಲಿಮೀಟರಿನಿಂದ 1.2 ಮಿಲಿಮೀಟರಿನವರೆಗೆ ಇರುತ್ತದೆ. ವ್ಯತ್ಯಾಸ ಎಷ್ಟು ಅತ್ಯಲ್ಪ ನೋಡಿ. ನಾವು ಬರೆಯುವ ಒಂದು ಹಾಳೆಯ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಕಿರಿದಾದ ಮೌತ್‌ಪೀಸಿಗೂ ಅಗಲವಾದ ಮೌತ್‌ಪೀಸಿಗೂ ಇರುವ ಅಂತರ ಎರಡು ಹಾಳೆಗಳಷ್ಟು ಮಾತ್ರ. ಆದರೂ ತುಟಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಸೀಳು ಅಗಲವಾದಷ್ಟೂ ರೀಡು ಹೆಚ್ಚು ದೂರ ಬಾಗಬೇಕು. ಅದಕ್ಕೆ ಹೆಚ್ಚು ಗಾಳಿ ಬೇಕು, ಬಲವಾದ ತುಟಿಯ ಹಿಡಿತ ಬೇಕು. ಪ್ರತಿಫಲವಾಗಿ ದೊಡ್ಡ ನಾದವೂ ಸ್ವರವನ್ನು ಬಾಗಿಸುವ ಸ್ವಾತಂತ್ರ್ಯವೂ ದೊರೆಯುತ್ತವೆ. ಸೀಳು ಕಿರಿದಾದರೆ ಸ್ವರ ಬೇಗ ಹುಟ್ಟುತ್ತದೆ, ಸ್ಥಿರವಾಗಿ ನಿಲ್ಲುತ್ತದೆ. ಆದರೆ ಬಹಳ ಕಿರಿದಾದರೆ ಜೋರಾಗಿ ಊದಿದಾಗ ರೀಡು ಮುಚ್ಚಿಕೊಂಡು ದನಿ ಉಡುಗುತ್ತದೆ.

ಎರಡನೆಯ ಅಳತೆ, ರೀಡು ಮಣೆಯನ್ನು ಬಿಟ್ಟು ಏಳುವ ಸ್ಥಳದಿಂದ ತುದಿಯವರೆಗಿನ ಉದ್ದ. ಇದನ್ನು ಮನೆಯಲ್ಲಿಯೇ ನೋಡಬಹುದು. ರೀಡನ್ನು ಕೂರಿಸಿ, ತೆಳುವಾದ ಕಾಗದದ ಒಂದು ಪಟ್ಟಿಯನ್ನು ತುದಿಯಿಂದ ರೀಡಿನ ಕೆಳಗೆ ಮೆಲ್ಲನೆ ತೂರಿಸಿ. ಅದು ಎಲ್ಲಿ ತಡೆಯುತ್ತದೆಯೋ ಹೆಚ್ಚುಕಡಮೆ ಅಲ್ಲಿಯವರೆಗೆ ರೀಡು ಬಿಡುವಾಗಿದೆ ಎಂದರ್ಥ. ಇದು ಉದ್ದವಾಗಿದ್ದರೆ ರೀಡಿನ ಹೆಚ್ಚು ಭಾಗ ಆಡುತ್ತದೆ. ಮೌತ್‌ಪೀಸನ್ನು ಬಾಯೊಳಕ್ಕೆ ತುಸು ಹೆಚ್ಚಾಗಿ ತೆಗೆದುಕೊಳ್ಳಬೇಕಾಗುತ್ತದೆ. ಗಿಡ್ಡವಾಗಿದ್ದರೆ ರೀಡು ಚುರುಕಾಗಿ ಮಿಡಿಯುತ್ತದೆ, ಆದರೆ ಬಾಯಿ ಇಡುವ ಸ್ಥಳ ಕೊಂಚ ತಪ್ಪಿದರೂ ಕೀರಲು ದನಿ ಬರಬಹುದು. ಪಟ್ಟಿ ಒಂದು ಪಕ್ಕದಲ್ಲಿ ಮುಂದೆ ಹೋಗಿ ಇನ್ನೊಂದು ಪಕ್ಕದಲ್ಲಿ ಬೇಗ ತಡೆದರೆ ಆ ಮೌತ್‌ಪೀಸಿನ ಅಂಚುಗಳು ಸಮನಾಗಿಲ್ಲ. ಅದನ್ನು ಕೈಬಿಡುವುದೇ ಲೇಸು.

ಮೌತ್‌ಪೀಸಿನ ಮಾತೆತ್ತಿದ ಮೇಲೆ ರೀಡಿನ ಮಾತನ್ನು ಬಿಡುವಂತಿಲ್ಲ, ಇವೆರಡೂ ಗಂಡಹೆಂಡಿರಂತೆ. ರೀಡನ್ನು ಮಾಡುವುದು ಲಾಳದ ಕಡ್ಡಿಯ ಜಾತಿಯ ಒಂದು ಎತ್ತರವಾದ ಜೊಂಡಿನಿಂದ. ದಕ್ಷಿಣ ಫ್ರಾನ್ಸಿನ ವಾರ್ ಪ್ರಾಂತ ಅದಕ್ಕೆ ಬಹುಕಾಲದಿಂದ ಹೆಸರಾಗಿದೆ. ರೀಡಿನ ಬಿರುಸನ್ನು 2, 2½, 3 ಹೀಗೆ ಅಂಕಿಗಳಿಂದ ಸೂಚಿಸುತ್ತಾರೆ. ಅಂಕಿ ಹೆಚ್ಚಾದಂತೆ ರೀಡು ಬಿರುಸು. ಸಾಮಾನ್ಯ ನಿಯಮ ಇಷ್ಟೇ: ಅಗಲವಾದ ಸೀಳಿಗೆ ಮೆದುವಾದ ರೀಡು, ಕಿರಿದಾದ ಸೀಳಿಗೆ ಬಿರುಸಾದ ರೀಡು. ನನ್ನ ಮಿತ್ರರು ತರಿಸಿದ್ದ ಮೌತ್‌ಪೀಸಿನ ಸೀಳು ಹೆಚ್ಚುಕಡಮೆ ಒಂದೂವರೆ ಮಿಲಿಮೀಟರು, ಜಾಸ್ ವಾದಕರಿಗೆ ಪ್ರಿಯವಾದಂಥದು. ಅದರ ಮೇಲೆ ಅವರು ಕೂರಿಸಿದ್ದು 3ನೆಯ ಅಂಕಿಯ ರೀಡು, ಏಕೆಂದರೆ ಕಾಲೇಜಿನಲ್ಲಿ ಅವರು ಊದುತ್ತಿದ್ದುದು ಅದೇ. ಪೈಲ್ವಾನನಿಗೂ ಕಷ್ಟವಾಗುವ ಜೋಡಿ! ಇನ್ನೊಂದು ಎಚ್ಚರಿಕೆ: ಒಬ್ಬ ತಯಾರಕನ 2½ ಇನ್ನೊಬ್ಬನ 2½ಕ್ಕೆ ಸಮನಾಗಬೇಕೆಂದೇನೂ ಇಲ್ಲ. ಅಟ್ಟದಲ್ಲಿದ್ದ ಹಳೆಯ ರೀಡುಗಳನ್ನು ಮಮತೆಯಿಲ್ಲದೆ ಎಸೆದುಬಿಡಿ; ಅವು ಬಾಗಿರುತ್ತವೆ, ಬೂಷ್ಟು ಹಿಡಿದಿರುತ್ತವೆ.

ಮೌತ್‌ಪೀಸಿನ ಒಳಗಿನ ಆಕಾರವೂ ಮುಖ್ಯ. ತುದಿಯ ಹಿಂದಿರುವ ಇಳಿಜಾರು, ಅದರ ಹಿಂದಿನ ಗೂಡು, ಕೆಳಗಿನ ಕೊಳವೆ, ಇವು ನಾದದ ಬಣ್ಣವನ್ನೂ ಶ್ರುತಿಯನ್ನೂ ನಿರ್ಧರಿಸುತ್ತವೆ. ಇದನ್ನು ಕಣ್ಣಿನಿಂದ ಅಳೆಯುವುದು ನಮ್ಮಂಥವರಿಗೆ ಆಗದ ಮಾತು, ಕಿವಿಯೇ ಪ್ರಮಾಣ. ಯಾವ ವಸ್ತುವಿನಿಂದ ಮಾಡಿದ್ದು ಎಂಬ ಬಗ್ಗೆ ಮಾತ್ರ ಜನ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಒಳ್ಳೆಯ ಮೌತ್‌ಪೀಸುಗಳಲ್ಲಿ ಬಹುಪಾಲು ಎಬೊನೈಟಿನವು, ಎಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಪ್ಲಾಸ್ಟಿಕಿನವೂ ಉಂಟು, ಗಾಜಿನವೂ ಉಂಟು. ಅಳತೆ ಸರಿಯಾಗಿದ್ದರೆ ಪ್ಲಾಸ್ಟಿಕಿನದೂ ಚೆನ್ನಾಗಿ ನುಡಿಯುತ್ತದೆ. ಅಳತೆ ತಪ್ಪಿದ್ದರೆ ಯಾವ ವಸ್ತುವೂ ಅದನ್ನು ಉಳಿಸಲಾರದು.

ಹೊಸದನ್ನು ಕೊಳ್ಳುವ ಮುನ್ನ ಹಳೆಯದರ ಮೇಲೆ ಹೊರಿಸಿದ ಅಪವಾದ ನಿಜವೇ ಎಂದು ನೋಡಬೇಕು. ವಾದ್ಯದ ಮೇಲಿನ ತುಂಡನ್ನು ಬೇರ್ಪಡಿಸಿ, ರಂಧ್ರಗಳನ್ನೆಲ್ಲ ಬೆರಳುಗಳಿಂದ ಮುಚ್ಚಿ, ಕೆಳಗಿನ ಬಾಯನ್ನು ಇನ್ನೊಂದು ಅಂಗೈಗೆ ಒತ್ತಿಹಿಡಿದು, ಮೇಲಿನಿಂದ ಗಾಳಿಯನ್ನು ಹೀರಿ. ಹೀರಿದ ಬಿಗಿ ಕೆಲವು ಸೆಕೆಂಡುಗಳ ಕಾಲ ನಿಲ್ಲಬೇಕು. ಕೂಡಲೆ ಸಡಿಲವಾದರೆ ಮುಚ್ಚಳಗಳ ಮೆತ್ತೆಗಳು ಒಣಗಿಯೋ ಹುಳು ತಿಂದೋ ಗಾಳಿ ಸೋರುತ್ತಿದೆ. ಈ ಸೋರಿಕೆಯನ್ನು ರಿಪೇರಿ ಮಾಡಿಸದೆ ಎಷ್ಟು ಬೆಲೆಯ ಮೌತ್‌ಪೀಸು ತಂದರೂ ತೂತುಬಿದ್ದ ಕೊಡಕ್ಕೆ ನೀರು ಹೊಯ್ದಂತೆಯೇ. ಮೌತ್‌ಪೀಸಿಗೂ ಇಂಥದೇ ಪರೀಕ್ಷೆಯುಂಟು. ಒದ್ದೆ ಮಾಡಿದ ರೀಡನ್ನು ಕೂರಿಸಿ, ಕೆಳತುದಿಯನ್ನು ಅಂಗೈಯಿಂದ ಮುಚ್ಚಿ ಹೀರಿದರೆ ರೀಡು ಮುಚ್ಚಿಕೊಂಡು, ಒಂದೆರಡು ಸೆಕೆಂಡುಗಳ ಬಳಿಕ ‘ಟಪ್’ ಎಂದು ತೆರೆದುಕೊಳ್ಳಬೇಕು. ಇನ್ನು ತುದಿಯ ಅಂಚಿನ ಮೇಲೆ ಉಗುರನ್ನು ಹಗುರವಾಗಿ ಆಡಿಸಿ ನೋಡಿ. ಕೂದಲೆಳೆಯಷ್ಟು ಮುಕ್ಕಾಗಿದ್ದರೂ ಕೀರಲು ದನಿಗೆ ಅದೇ ಕಾರಣವಾಗಬಹುದು. ಅಂಚು ಮುಕ್ಕಾಗಿದ್ದರೆ, ಮಣೆ ಸೊಟ್ಟಗಾಗಿದ್ದರೆ, ಹೊಸದು ಬೇಕು. ಇವೆಲ್ಲ ಸರಿಯಾಗಿದ್ದರೆ ಹೊಸ ರೀಡುಗಳನ್ನು ಮಾತ್ರ ತಂದು ಒಂದು ತಿಂಗಳು ಹಳೆಯದರಲ್ಲಿಯೇ ಊದಿ ನೋಡುವುದು ಜಾಣತನ.

ಕೊಳ್ಳಲೇಬೇಕಾದರೆ ಯಾವುದನ್ನು? ತುಟಿಯ ಸುತ್ತಿನ ಸ್ನಾಯುಗಳು ವರ್ಷಗಟ್ಟಲೆ ಈ ಕೆಲಸವನ್ನು ಮಾಡಿರುವುದಿಲ್ಲ. ಅವು ಮತ್ತೆ ಬಲಗೊಳ್ಳುತ್ತವೆ, ಸಂದೇಹವಿಲ್ಲ. ಆದರೆ ದಿನಕ್ಕೆ ಹತ್ತು ಹದಿನೈದು ನಿಮಿಷಗಳಂತೆ ಕೆಲವು ವಾರಗಳಾದರೂ ಬೇಕು. ಆ ವಾರಗಳಲ್ಲಿ ಉತ್ಸಾಹ ಕುಂದದಂತೆ ನೋಡಿಕೊಳ್ಳುವ ಮೌತ್‌ಪೀಸೇ ಮರಳಿ ಬಂದವರಿಗೆ ಸರಿಯಾದುದು. ಎಂದರೆ ಸೀಳು 1.05ರಿಂದ 1.15 ಮಿಲಿಮೀಟರಿನೊಳಗೆ, ಉದ್ದ ಮಧ್ಯಮ, ರೀಡು 2 ಅಥವಾ 2½. ಜಪಾನಿನ ಯಮಾಹಾ ಸಂಸ್ಥೆಯ 4ಸಿ ಎಂಬ ಪ್ಲಾಸ್ಟಿಕ್ ಮೌತ್‌ಪೀಸಿನ ಸೀಳು 1.05 ಮಿಲಿಮೀಟರು, ಬೆಲೆಯೂ ಹಗುರ. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ವ್ಯಾನ್‌ಡೊರೆನ್ ಸಂಸ್ಥೆಯ 5ಆರ್‌ವಿ ಲೈರ್ ಎಂಬುದರ ಸೀಳು 1.09, ಎಂ30ರದು 1.15. ಅದೇ ಸಂಸ್ಥೆಯ ಬಿ45 ಬಹು ಪ್ರಸಿದ್ಧ. ಅದರ ಸೀಳು 1.195. ಹಿಂದೆ ಚೆನ್ನಾಗಿ ಊದುತ್ತಿದ್ದು ನಾಲ್ಕಾರು ವರ್ಷ ಮಾತ್ರ ಬಿಟ್ಟವರಿಗೆ ಇದು ಒಗ್ಗೀತು. ಮೂವತ್ತು ವರ್ಷ ಬಿಟ್ಟವರು ಆರು ತಿಂಗಳು ಕಾದು ಆಮೇಲೆ ಯೋಚಿಸುವುದೊಳ್ಳೆಯದು. ಇವುಗಳನ್ನು ಉದಾಹರಣೆಗಾಗಿ ಹೇಳಿದೆನೇ ಹೊರತು ಇವನ್ನೇ ಕೊಳ್ಳಬೇಕೆಂದಲ್ಲ. ಬೇರೆ ತಯಾರಕರ ಪಟ್ಟಿಗಳಲ್ಲಿಯೂ ಇಂಥ ಅಳತೆಗಳನ್ನು ಹುಡುಕಬಹುದು.

ಕಟ್ಟಿಸಿದ ಹಲ್ಲುಳ್ಳವರು ತಮ್ಮಿಂದ ಇದು ಆಗದೆಂದು ಹಿಂಜರಿಯಬೇಕಾಗಿಲ್ಲ. ಮೌತ್‌ಪೀಸಿನ ಬೆನ್ನಿಗೆ, ಮೇಲಿನ ಹಲ್ಲು ತಾಗುವೆಡೆಯಲ್ಲಿ, ಅಂಟಿಸುವ ತೆಳುವಾದ ರಬ್ಬರಿನ ಬಿಲ್ಲೆ ಸಿಗುತ್ತದೆ. ಅದು ಹಲ್ಲಿಗೆ ತಗಲುವ ಅದುರನ್ನು ತಗ್ಗಿಸುತ್ತದೆ, ಜಾರದಂತೆ ಹಿಡಿಯುತ್ತದೆ. ಇಂಥವರಿಗೆ ಮೆದು ರೀಡು ಇನ್ನೂ ಹೆಚ್ಚು ಅವಶ್ಯ.

ಹಳೆಯ ವಾದ್ಯಗಳ ವಿಷಯದಲ್ಲಿ ಶ್ರುತಿಯ ತೊಡಕೊಂದುಂಟು. 1920ರ ದಶಕದ ಕೊನೆಯವರೆಗೂ ಬ್ರಿಟಿಷ್ ಸೇನಾ ಬ್ಯಾಂಡುಗಳು ನುಡಿಸುತ್ತಿದ್ದುದು ಎತ್ತರದ ಶ್ರುತಿಯಲ್ಲಿ. ಇಂದು 440 ಕಂಪನಗಳಿಗೆ ಹೊಂದಿಸುವ ಸ್ವರವನ್ನು ಅವರು ಸುಮಾರು 452ಕ್ಕೆ ಹೊಂದಿಸುತ್ತಿದ್ದರು. ಅಂತರ ಸುಮಾರು ಅರ್ಧ ಸ್ವರಸ್ಥಾನ. ಶುದ್ಧ ಮಧ್ಯಮಕ್ಕೂ ಪ್ರತಿಮಧ್ಯಮಕ್ಕೂ ಇರುವ ದೂರದಲ್ಲಿ ಅರ್ಧ. ತಾತನ ಕಾಲದಿಂದ ಬಂದ ವಾದ್ಯ ಈ ಬಗೆಯದಾಗಿದ್ದರೆ ಅದು ಈಗಿನ ಹಾರ್ಮೋನಿಯಮ್ಮಿನೊಡನೆ ಸೇರುವುದಿಲ್ಲ. ತುಂಡುಗಳನ್ನು ಹೊರಕ್ಕೆಳೆದು ಶ್ರುತಿ ಇಳಿಸಹೊರಟರೆ ಕೆಲವು ಸ್ವರಗಳು ಹೆಚ್ಚು ಇಳಿದು, ಕೆಲವು ಕಡಮೆ ಇಳಿದು, ಸ್ವರಸ್ಥಾನಗಳೇ ಕೆಡುತ್ತವೆ. ಇದನ್ನು ಯಾವ ಮೌತ್‌ಪೀಸೂ ತಿದ್ದಲಾರದು. ಒಬ್ಬರೇ ಕುಳಿತು ನುಡಿಸುವವರಿಗೆ ಚಿಂತೆಯಿಲ್ಲ. ಶ್ರುತಿಪೆಟ್ಟಿಗೆಯನ್ನು ವಾದ್ಯಕ್ಕೆ ಹೊಂದಿಸಿಕೊಂಡರಾಯಿತು. ಹಾಗೆಯೇ ಮೌತ್‌ಪೀಸಿನ ಕೆಳತುದಿ ನಿಮ್ಮ ವಾದ್ಯದ ಬ್ಯಾರಲ್ಲಿಗೆ ಸಡಿಲವೂ ಆಗದೆ ಬಿರುಸೂ ಆಗದೆ ಕೂಡುತ್ತದೆಯೇ ಎಂದು ನೋಡಿಕೊಳ್ಳಬೇಕು.

ಅಂಗಡಿಯಲ್ಲೋ ಪರಿಚಿತ ವಾದಕರ ಬಳಿಯಲ್ಲೋ ಊದಿ ನೋಡುವ ಅವಕಾಶ ದೊರೆತರೆ ಒಂದೇ ಸಲಕ್ಕೆ ಹನ್ನೆರಡನ್ನು ಊದಬೇಡಿ. ನಾಲ್ಕನೆಯದರ ಹೊತ್ತಿಗೆ ತುಟಿ ದಣಿದು ತೀರ್ಪು ತಪ್ಪುತ್ತದೆ. ಮೂರು ಸಾಕು. ನಿಮ್ಮ ವಾದ್ಯವನ್ನೇ ಒಯ್ಯಿರಿ. ಎರಡು ಬಿರುಸುಗಳ ರೀಡುಗಳನ್ನೂ ಒಯ್ಯಿರಿ. ಮೊದಲು ಮಂದ್ರದ ಸ್ವರವೊಂದನ್ನು ಸಣ್ಣಗೆ ಆರಂಭಿಸಿ, ದೊಡ್ಡದು ಮಾಡಿ, ಮತ್ತೆ ಸಣ್ಣಗೆ ಮಾಡಿ, ಶ್ರುತಿ ಅಲುಗಬಾರದು. ಆಮೇಲೆ ಹೆಬ್ಬೆರಳಿನ ಕೀಲಿಯನ್ನು ಒತ್ತಿ. ಕೊಳಲಿನಲ್ಲಿ ಗಾಳಿ ಬಲಿಸಿದರೆ ಷಡ್ಜವು ಮೇಲಿನ ಷಡ್ಜಕ್ಕೆ ಹಾರುತ್ತದೆ. ಕ್ಲಾರಿಯೊನೆಟ್ಟಿನ ಸ್ವಭಾವವೇ ಬೇರೆ, ಅದು ಷಡ್ಜದಿಂದ ಮೇಲಿನ ಸ್ಥಾಯಿಯ ಪಂಚಮಕ್ಕೆ ಹಾರುತ್ತದೆ. ಈ ಹಾರಿಕೆ ತುಟಿಯನ್ನು ಕಚ್ಚದೆ ಸಲೀಸಾಗಿ ಆಗಬೇಕು, ಪಂಚಮ ಶುದ್ಧವಾಗಿರಬೇಕು. ಮೂರನೆಯದಾಗಿ, ರಂಧ್ರಗಳೆಲ್ಲ ಬಹುಪಾಲು ತೆರೆದಿರುವಾಗ ಬರುವ ನಡುವಿನ ನಾಲ್ಕಾರು ಸ್ವರಗಳು. ಇವು ಈ ವಾದ್ಯದಲ್ಲಿ ಸಹಜವಾಗಿಯೇ ಬಡಕಲು. ತೀರ ಸಪ್ಪೆಯಾಗದಿದ್ದರೆ ಸಾಕು. ಕೊನೆಗೆ ನಿಮಗೆ ಚೆನ್ನಾಗಿ ಬರುವ ಹಾಡೊಂದನ್ನು ನುಡಿಸಿ. ಮನೆಯವರೊಬ್ಬರನ್ನು ಬೆನ್ನು ತಿರುಗಿಸಿ ಕೂರಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿ. ಊದುವವನ ತಲೆಯೊಳಗೆ ಹಲ್ಲಿನ ಮೂಲಕವೂ ದನಿ ಸೇರುವುದರಿಂದ ನಮ್ಮ ಕಿವಿಯೊಂದನ್ನೇ ನಂಬಲಾಗದು.

ನಮ್ಮ ಸಂಗೀತ ನುಡಿಸುವವರು ಇನ್ನೂ ಒಂದನ್ನು ಪರೀಕ್ಷಿಸಬೇಕು. ಗಮಕಗಳನ್ನು ಬೆರಳಿನ ಸರಿದಾಟದಿಂದಲೂ ತುಟಿಯ ಸಡಿಲಿಕೆಯಿಂದಲೂ ತರಬೇಕಾಗುತ್ತದೆ. ತೋಡಿಯ ಗಾಂಧಾರವನ್ನೊಮ್ಮೆ ತೂಗಿ ನೋಡಿ. ಸ್ವರ ಗೂಟಕ್ಕೆ ಕಟ್ಟಿದಂತೆ ಅಲುಗದಿದ್ದರೆ ಸೀಳು ಕಿರಿದಾಯಿತು ಅಥವಾ ರೀಡು ಬಿರುಸಾಯಿತು. ಬೇಡವೆಂದರೂ ಅಲುಗುತ್ತಿದ್ದರೆ ಸೀಳು ಅಗಲವಾಯಿತು ಅಥವಾ ರೀಡು ಮೆದುವಾಯಿತು. ಇಂಥಲ್ಲಿ ಮೊದಲು ರೀಡನ್ನು ಬದಲಿಸಿ ನೋಡಬೇಕು, ಅದು ಅಗ್ಗ, ಆಮೇಲೆ ಮೌತ್‌ಪೀಸು.

ಕೊಂಡ ಮೇಲೆ ಕಾಪಾಡುವುದು ಸುಲಭ. ಊದಿದ ಬಳಿಕ ರೀಡನ್ನು ಬಿಚ್ಚಿ ಒರಸಿ ಬೇರೆ ಇಡಬೇಕು. ಮೌತ್‌ಪೀಸನ್ನು ವಾರಕ್ಕೊಮ್ಮೆ ತಣ್ಣೀರಿನಲ್ಲಿ ಅಥವಾ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಬಿಸಿನೀರು ಕೂಡದು, ಎಬೊನೈಟ್ ಬಣ್ಣಗೆಟ್ಟು ಗಂಧಕದ ವಾಸನೆ ಬಿಡುತ್ತದೆ, ಮಣೆ ಬಾಗಲೂಬಹುದು. ಬಿಸಿಲಿನಲ್ಲಿಟ್ಟರೆ ಕಪ್ಪು ಮೈ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ. ಮೊಮ್ಮಕ್ಕಳು ಊದಲು ಕೇಳಿದರೆ ತೊಳೆದು ಕೊಡಿ. ಆದರೆ ಕೊಡದೆ ಇರಬೇಡಿ.

ನನ್ನ ಮಿತ್ರರ ಕಥೆ ಅರ್ಧಕ್ಕೇ ನಿಂತಿತು. ಅವರ ಬೀದಿಯಲ್ಲಿ ಮದುವೆಯ ಬ್ಯಾಂಡಿನಲ್ಲಿ ಬಹುಕಾಲ ಊದಿದ ವೃದ್ಧರೊಬ್ಬರಿದ್ದರು. ಒಂದು ಸಂಜೆ ಮಾತಿಗೆ ಮಾತು ಬಂದು ಪೆಟ್ಟಿಗೆ ತೆರೆಯಿತು. ವೃದ್ಧರು ಹಳೆಯ ಮೌತ್‌ಪೀಸಿನ ಅಂಚಿಗೆ ಉಗುರು ತಾಗಿಸಿ, “ಇದು ಮುಕ್ಕಾಗಿದೆ” ಎಂದರು. ಹೊಸದನ್ನು ಬೆಳಕಿಗೆ ಹಿಡಿದು ನಕ್ಕರು. “ಮೇಷ್ಟ್ರೇ, ನೀವು ಬಿಟ್ಟಿದ್ದು ಮೂವತ್ತು ವರ್ಷ. ತುಟಿಗೆ ಮೂವತ್ತು ದಿನವಾದರೂ ಬಿಡುವು ಕೊಡಬೇಡವೆ?” ಎಂದು ಕೇಳಿ, ತಮ್ಮಲ್ಲಿದ್ದ ಒಂದು ಸಾಧಾರಣ ಮೌತ್‌ಪೀಸನ್ನೂ 2ನೆಯ ಅಂಕಿಯ ರೀಡೊಂದನ್ನೂ ಕೊಟ್ಟುಹೋದರು. ಮೊದಲ ವಾರ ಉದ್ದನೆಯ ಸ್ವರಗಳು ಮಾತ್ರ. ಎರಡನೆಯ ತಿಂಗಳಲ್ಲಿ ಸರಳೆ, ಜಂಟಿ. ಈಗ ಅವರ ಮನೆಯ ಮುಂದೆ ಸಂಜೆ ಹಾದುಹೋದರೆ ಕದನಕುತೂಹಲ ಕೇಳಿಸುತ್ತದೆ. ಒಂದೆರಡು ಕಡೆ ಮುಗ್ಗರಿಸುತ್ತದೆ, ಮತ್ತೆ ಎದ್ದು ನಡೆಯುತ್ತದೆ. ದುಬಾರಿಯ ಆ ಮೌತ್‌ಪೀಸು ಪೆಟ್ಟಿಗೆಯಲ್ಲಿಯೇ ಇದೆ. ಅದರ ಕಾಲವೂ ಬಂದೀತೆಂದು ಅವರು ನಂಬಿದ್ದಾರೆ. ಬಾರದಿದ್ದರೂ ಅವರಿಗೆ ಚಿಂತೆಯಿಲ್ಲ.